ಮಗನನ್ನು ತಡೆದು ಹುಡುಕಿದರು. ಈಗ ನಾನೇ ಪೊಲೀಸರ ಜೊತೆ ಗಸ್ತಿಗೆ ಹೋಗಬಹುದೇ?

ಪ್ರಶ್ನೆ: ನಾವು ಧಾರವಾಡದ ಕಡೆಯವರು. ಇಂಗ್ಲೆಂಡಿಗೆ ಬಂದು ನಾಲ್ಕು ವರ್ಷವಾಯಿತು. ಮೂರು ವಾರದ ಹಿಂದೆ ನನ್ನ ಹದಿನೇಳು ವರ್ಷದ ಮಗ ಕ್ರಿಕೆಟ್ ಪ್ರಾಕ್ಟೀಸ್ ಮುಗಿಸಿ ಬಸ್ ಸ್ಟಾಪಿನಲ್ಲಿ ನಿಂತಿದ್ದಾಗ ಇಬ್ಬರು ಪೊಲೀಸರು ತಡೆದು ಅವನ ಕಿಟ್ ಬ್ಯಾಗು, ಜೇಬು ಎಲ್ಲ ಹುಡುಕಿದರು. ಏನೂ ಸಿಗಲಿಲ್ಲ, ಕಳಿಸಿದರು. ಮನೆಗೆ ಬಂದವನು ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಮೊನ್ನೆ ನಮ್ಮ ಬಡಾವಣೆಯ ಸಭೆಗೆ ಬಂದ ಪೊಲೀಸರು, ಆಸಕ್ತಿ ಇದ್ದವರು ಒಂದು ಪಾಳಿ ನಮ್ಮ ಜೊತೆ ಗಸ್ತಿಗೆ ಬಂದು ನೋಡಬಹುದು ಅಂದರು. ನನಗೆ ಹೋಗಬೇಕೆನಿಸಿದೆ. ನಮ್ಮ ಯಜಮಾನರು "ಪೊಲೀಸರ ಸಹವಾಸ ನಮಗ್ಯಾಕೆ" ಅನ್ನುತ್ತಾರೆ. ಹೋಗಬಹುದೇ? ಹೋದರೆ ನನಗೆ ಯಾವ ಹಕ್ಕುಗಳಿವೆ? ಮಗನ ಹೆಸರು ಪೊಲೀಸ್ ದಾಖಲೆಗೆ ಸೇರಿ ನಮ್ಮ ಐಎಲ್‌ಆರ್ (ಇಲ್ಲಿ ಕಾಯಂ ನೆಲೆಸುವ ಅನುಮತಿ) ಅರ್ಜಿಗೆ ತೊಂದರೆಯಾದೀತೇ? (ಹೆಸರು, ಊರು ಬೇಡ)

ಉತ್ತರ: ನಿಮ್ಮ ನಿದ್ದೆ ಕೆಡಿಸಿರುವುದು ಕೊನೆಯ ಪ್ರಶ್ನೆ ಎಂದು ನನಗನಿಸುತ್ತದೆ. ಮೊದಲು ಅದನ್ನೇ ಮುಗಿಸೋಣ. ದಾರಿಯಲ್ಲಿ ತಡೆದು ಚೀಲ, ಜೇಬು ನೋಡುವುದು ಬಂಧನವಲ್ಲ, ಕ್ರಿಮಿನಲ್ ದಾಖಲೆಯೂ ಅಲ್ಲ. ಐಎಲ್‌ಆರ್ ಅರ್ಜಿಯಲ್ಲಿ ಕೇಳುವುದು ಅಪರಾಧ, ಶಿಕ್ಷೆ, ಕಾಷನ್ (ಪೊಲೀಸರು ಕೊಡುವ ಅಧಿಕೃತ ಎಚ್ಚರಿಕೆ) ಇಂಥವುಗಳ ಬಗ್ಗೆ. ಏನೂ ಸಿಗದೆ ಬಿಟ್ಟುಕಳಿಸಿದ ತಪಾಸಣೆ ಆ ಪಟ್ಟಿಯಲ್ಲಿ ಬರುವುದಿಲ್ಲ. ಒಂದು ಎಚ್ಚರ ಮಾತ್ರ ಇರಲಿ. ಮುಂದೆ ಎಂದಾದರೂ, ಯಾರಿಗಾದರೂ, ಠಾಣೆಯಲ್ಲಿ "ಕಾಷನ್ ಒಪ್ಪಿಕೊಂಡರೆ ಈಗಲೇ ಮನೆಗೆ ಹೋಗಬಹುದು" ಎಂಬ ಮಾತು ಬಂದರೆ ವಕೀಲರನ್ನು ಕೇಳದೆ ತಲೆ ಆಡಿಸಬಾರದು. ಕಾಷನ್ ಅಂದರೆ ತಪ್ಪೊಪ್ಪಿಗೆ, ಅದು ದಾಖಲೆಗೆ ಹೋಗುತ್ತದೆ. ಠಾಣೆಯಲ್ಲಿ ವಕೀಲರ ಸಲಹೆ ಎಲ್ಲರಿಗೂ ಉಚಿತ, ಸಂಬಳ ಎಷ್ಟೇ ಇರಲಿ. ಇಂಗ್ಲಿಷ್ ಬಾರದವರಿಗೆ ದುಭಾಷಿಯೂ ಉಚಿತ. ಊರಿನಿಂದ ಬರುವ ಹಿರಿಯರೂ ಕನ್ನಡದ ದುಭಾಷಿ ಬೇಕೆಂದು ಕೇಳಬಹುದು.

ಗಸ್ತಿನ ಮಾತಿಗೆ ಬರುವ ಮುನ್ನ ಈ ವಾರವೇ ಆಗಬೇಕಾದ ಒಂದು ಕೆಲಸವಿದೆ. ತಪಾಸಣೆಯ ದಾಖಲೆಯ ಪ್ರತಿಯನ್ನು 3 ತಿಂಗಳೊಳಗೆ ಕೇಳಿ ಪಡೆಯುವ ಹಕ್ಕು ನಿಮ್ಮ ಮಗನಿಗಿದೆ. ಆದರೆ ಪೊಲೀಸರ ಎದೆಯ ಮೇಲಿನ ಕ್ಯಾಮೆರಾದ ದೃಶ್ಯ ಅಷ್ಟು ದಿನ ಕಾಯುವುದಿಲ್ಲ. ಸಾಕ್ಷ್ಯಕ್ಕೆ ಬೇಡವಾದ ದೃಶ್ಯವನ್ನು ಸಾಮಾನ್ಯವಾಗಿ 31 ದಿನಕ್ಕೆ ಅಳಿಸುತ್ತಾರೆ. ನೀವು ಮೂರು ವಾರ ಅಂತ ಬರೆದಿದ್ದೀರಿ, ಅಂದರೆ ಉಳಿದಿರುವುದು ಹತ್ತೇ ದಿನ. ಪೊಲೀಸ್ ಪಡೆಯ ವೆಬ್‌ಸೈಟಿನಲ್ಲಿ 'ಸಬ್ಜೆಕ್ಟ್ ಆಕ್ಸೆಸ್ ರಿಕ್ವೆಸ್ಟ್' ಎಂಬ, ನಮ್ಮ ಬಗ್ಗೆ ಅವರ ಬಳಿ ಇರುವ ಮಾಹಿತಿಯನ್ನು ಕೇಳುವ ಅರ್ಜಿ ಸಿಗುತ್ತದೆ, ಶುಲ್ಕವಿಲ್ಲ. ತಾರೀಕು, ಹೊತ್ತು, ಬಸ್ ಸ್ಟಾಪಿನ ಹೆಸರು, ಮಗ ತೊಟ್ಟಿದ್ದ ಬಟ್ಟೆಯ ಬಣ್ಣ ಬರೆದು, ದೃಶ್ಯವನ್ನು ಅಳಿಸಬೇಡಿ ಎಂದು ಸ್ಪಷ್ಟವಾಗಿ ಕೇಳಿ. ಹದಿನೇಳರ ಹುಡುಗ ತಾನೇ ಅರ್ಜಿ ಹಾಕಬಹುದು. ಅವನ ಕೈಯಲ್ಲೇ ಹಾಕಿಸಿ. ಎರಡು ದಿನ ಮಾತು ಬಿಟ್ಟ ಮಗುವಿಗೆ ಅಷ್ಟರಿಂದಲೇ ಸ್ವಲ್ಪ ಬಲ ಬರುತ್ತದೆ.

ಈಗ ಆ ಸಂಜೆ ಏನಾಗಬೇಕಿತ್ತು ಎಂಬುದನ್ನು ನೋಡೋಣ. ಇದು ಗೊತ್ತಿಲ್ಲದೆ ಗಸ್ತಿಗೆ ಹೋದರೆ ನೀವು ಪೊಲೀಸ್ ಕಾರಿನ ಪ್ರಯಾಣಿಕರಾಗುತ್ತೀರಿ, ವೀಕ್ಷಕರಾಗುವುದಿಲ್ಲ. (ನಾನು ಹೇಳುತ್ತಿರುವುದೆಲ್ಲ ಇಂಗ್ಲೆಂಡ್ ಮತ್ತು ವೇಲ್ಸಿಗೆ. ಸ್ಕಾಟ್ಲೆಂಡಿನ ಕಾನೂನು ಬೇರೆ.)

ತಡೆದು ಹುಡುಕುವ ಅಧಿಕಾರ ಮುಖ್ಯವಾಗಿ ಮೂರು ಕಡೆಯಿಂದ ಬರುತ್ತದೆ. ಕದ್ದ ಮಾಲು, ಆಯುಧ ಇಂಥವಕ್ಕೆ 'ಪೇಸ್' ಎಂದು ಕರೆಯುವ 1984ರ ಕಾಯ್ದೆಯ ಸೆಕ್ಷನ್ 1. ಮಾದಕ ವಸ್ತುವಿಗೆ 1971ರ ಕಾಯ್ದೆಯ ಸೆಕ್ಷನ್ 23. ಇವೆರಡರಲ್ಲೂ ಪೊಲೀಸರಿಗೆ ಸಕಾರಣವಾದ ಅನುಮಾನ ಇರಲೇಬೇಕು. ಮೂರನೆಯದು 1994ರ ಕಾಯ್ದೆಯ ಸೆಕ್ಷನ್ 60. ಒಂದು ಪ್ರದೇಶದಲ್ಲಿ ಗಂಭೀರ ಹಿಂಸೆ ನಡೆಯುವ ಭಯವಿದ್ದಾಗ ಮೇಲಧಿಕಾರಿ ಲಿಖಿತ ಅನುಮತಿ ಕೊಟ್ಟರೆ, ಆ ಗಡಿಯೊಳಗೆ, ಆ ಗಂಟೆಗಳಲ್ಲಿ, ನಿರ್ದಿಷ್ಟ ಅನುಮಾನವಿಲ್ಲದೆಯೂ ಆಯುಧಕ್ಕಾಗಿ ಹುಡುಕಬಹುದು. ಒಮ್ಮೆಗೆ ಗರಿಷ್ಠ 24 ಗಂಟೆ, ಆಮೇಲೆ ಬೇಕಿದ್ದರೆ ವಿಸ್ತರಣೆ.

ಸಕಾರಣ ಅಂದರೆ ಏನು? "ಹುಡುಗನನ್ನು ನೋಡಿದರೆ ಯಾಕೋ ಸರಿ ಕಾಣಲಿಲ್ಲ" ಎಂಬುದು ಕಾರಣವಲ್ಲ. ಮೈಬಣ್ಣ, ವಯಸ್ಸು, ತೊಟ್ಟ ಬಟ್ಟೆ, ಹಿಂದಿನ ಶಿಕ್ಷೆ, ಇವಷ್ಟರ ಮೇಲೆ ಅನುಮಾನ ಕಟ್ಟುವಂತಿಲ್ಲ ಎಂದು ಪೇಸ್ ಕಾಯ್ದೆಯ 'ಕೋಡ್ ಎ' ಎಂಬ ನಿಯಮಾವಳಿ ಬಾಯಿಬಿಟ್ಟು ಹೇಳುತ್ತದೆ. ಪ್ರಶ್ನೆಗೆ ಉತ್ತರಿಸದಿದ್ದದ್ದೂ ಕಾರಣವಾಗದು. "ಹತ್ತು ನಿಮಿಷದ ಹಿಂದೆ ಪಕ್ಕದ ಬೀದಿಯಲ್ಲಿ ಫೋನ್ ಕಿತ್ತುಕೊಂಡವನು ನೀಲಿ ಜಾಕೆಟ್, ಕಪ್ಪು ಉದ್ದ ಚೀಲ ಎಂದು ದೂರು ಬಂದಿದೆ" ಎಂದರೆ, ನಿಮ್ಮ ಮಗ ನಿರಪರಾಧಿಯೇ ಆದರೂ, ಆ ತಪಾಸಣೆ ಕಾನೂನಿನ ಒಳಗೇ ಇರಬಹುದು. ಏನೂ ಸಿಗಲಿಲ್ಲ ಎಂಬ ಮಾತ್ರಕ್ಕೆ ತಪಾಸಣೆ ತಪ್ಪಾಗುವುದಿಲ್ಲ. ಹಾಗೆಯೇ, ಏನಾದರೂ ಸಿಕ್ಕ ಮಾತ್ರಕ್ಕೆ ಸರಿಯೂ ಆಗುವುದಿಲ್ಲ. ತಾಯಿಯ ಮನಸ್ಸಿಗೆ ಇದು ಕಷ್ಟದ ಮಾತು ಎಂದು ತಿಳಿದೇ ಹೇಳುತ್ತಿದ್ದೇನೆ. ದಾಖಲೆಯ ಪ್ರತಿ ಬಂದಾಗ ನೀವು ಮೊದಲು ಓದಬೇಕಾದದ್ದು 'ಕಾರಣ' ಎಂಬ ಆ ಒಂದು ಸಾಲನ್ನೇ.

ಕೈ ಹಾಕುವ ಮುಂಚೆ ಪೊಲೀಸರು ಹೇಳಲೇಬೇಕಾದ ಮಾತುಗಳಿವೆ. ಇವನ್ನು ನೆನಪಿಡಲು ಅವರಿಗೆ ತರಬೇತಿಯಲ್ಲಿ 'ಗೋ ವೈಸ್ಲಿ' ಎಂಬ ಪದ ಕಲಿಸುತ್ತಾರೆ, ಒಂದೊಂದು ಅಕ್ಷರಕ್ಕೆ ಒಂದೊಂದು ಕರ್ತವ್ಯ. ಯಾಕೆ ಅನುಮಾನ, ಯಾವ ವಸ್ತುವಿಗಾಗಿ ಹುಡುಕುತ್ತಿದ್ದೇವೆ, ಸಮವಸ್ತ್ರದಲ್ಲಿ ಇಲ್ಲದಿದ್ದರೆ ಗುರುತಿನ ಕಾರ್ಡು, ತಮ್ಮ ಹೆಸರು, ತಮ್ಮ ಠಾಣೆ, ದಾಖಲೆಯ ಪ್ರತಿ ಸಿಗುತ್ತದೆಂಬ ಮಾತು, ಯಾವ ಕಾನೂನಿನಡಿ, ಮತ್ತು "ಈಗ ನಿನ್ನನ್ನು ತಡೆಹಿಡಿದಿದ್ದೇವೆ" ಎಂಬ ಸೂಚನೆ. ಇದನ್ನು ಬರೀ ಶಿಷ್ಟಾಚಾರ ಎಂದುಕೊಳ್ಳಬೇಡಿ. ಹೆಸರು ಮತ್ತು ಠಾಣೆ ಹೇಳಲಿಲ್ಲ ಎಂಬ ಒಂದೇ ಕಾರಣಕ್ಕೆ ತಪಾಸಣೆಯೇ ಕಾನೂನುಬಾಹಿರ ಎಂದು ಇಲ್ಲಿಯ ಹೈಕೋರ್ಟ್ 1999ರಲ್ಲಿ ತೀರ್ಪು ಕೊಟ್ಟಿದೆ.

ಬೀದಿಯಲ್ಲಿ ನಿಲ್ಲಿಸಿ ಮೇಲಂಗಿ, ಜಾಕೆಟ್, ಕೈಗವಸು ಬಿಟ್ಟು ಬೇರೇನನ್ನೂ ಕಳಚು ಎನ್ನುವಂತಿಲ್ಲ. (ಸೆಕ್ಷನ್ 60ರ ಅನುಮತಿ ಇದ್ದಾಗ ಮುಖಗವಸು ತೆಗೆಸುವುದು ಬೇರೆ ವಿಷಯ.) ಅದಕ್ಕಿಂತ ಹೆಚ್ಚು ಬೇಕೆಂದರೆ ಜನರ ಕಣ್ಣಿನಿಂದ ಮರೆಗೆ ಹೋಗಬೇಕು. ಇನ್ನೊಂದು ಮಾತು ನಮ್ಮವರಲ್ಲಿ ಹೆಚ್ಚಿನವರಿಗೆ ಗೊತ್ತೇ ಇಲ್ಲ: ತಪಾಸಣೆಯ ಹೊತ್ತಿನಲ್ಲಿ ಹೆಸರು, ವಿಳಾಸ ಹೇಳಬೇಕೆಂಬ ಕಡ್ಡಾಯವಿಲ್ಲ. ಹೇಳದಿದ್ದರೂ ದಾಖಲೆಯ ಪ್ರತಿ ಕೊಡಬೇಕು. ವಾಹನ ಓಡಿಸುವವರ ಮಾತು ಬೇರೆ. ಅವರು ನಿಲ್ಲಿಸಬೇಕು, ವಿವರ ಕೊಡಬೇಕು. ಗುರುತಿನ ಚೀಟಿ ಸದಾ ಜೇಬಿನಲ್ಲಿ ಇಟ್ಟುಕೊಂಡಿರಬೇಕು ಎಂಬ ಕಾನೂನೂ ಈ ದೇಶದಲ್ಲಿಲ್ಲ. ಆದರೆ ತಪಾಸಣೆಯನ್ನೇ ತಡೆಯಲು ಹೋಗಬಾರದು. ತಳ್ಳಿದರೆ, ಕೊಸರಿದರೆ, ಓಡಿದರೆ ಪೊಲೀಸರು ಬಲ ಬಳಸಬಹುದು, ಇಲ್ಲದ ಕೇಸು ಒಂದು ಹುಟ್ಟಿಕೊಳ್ಳುತ್ತದೆ. ಕೈ ಕಾಣುವಂತೆ ಇಟ್ಟುಕೊಂಡು, ದನಿ ಏರಿಸದೆ, "ಯಾವ ಕಾನೂನಿನಡಿ, ಯಾವ ಕಾರಣಕ್ಕೆ, ನಿಮ್ಮ ಹೆಸರು ಮತ್ತು ಠಾಣೆ, ನನಗೆ ಪ್ರತಿ ಬೇಕು" ಎಂಬ ನಾಲ್ಕು ಮಾತು ಕೇಳಿದರೆ ಸಾಕು. ಜಗಳವೆಲ್ಲ ಆಮೇಲೆ, ಕಾಗದದ ಮೇಲೆ. ಇದನ್ನು ಅಡುಗೆಮನೆಯಲ್ಲಿ ನಿಂತು ಮಗನೊಂದಿಗೆ ಎರಡು ಸಲ ಆಡಿ ನೋಡಿ. ಬೀದಿಯಲ್ಲಿ ನಾಲಿಗೆ ಒಣಗಿದಾಗ ಬಾಯಿಪಾಠವಾದದ್ದು ಮಾತ್ರ ಹೊರಬರುತ್ತದೆ.

ಇನ್ನು ಗಸ್ತು. ಪೊಲೀಸರು ನಿಮ್ಮನ್ನು ಯಾಕೆ ಕರೆಯುತ್ತಿದ್ದಾರೆ ಎಂಬುದಕ್ಕೆ ಒಂದು ಚರಿತ್ರೆ ಇದೆ. 1824ರ ಅಲೆಮಾರಿಗಳ ಕಾಯ್ದೆಯನ್ನು ಹಿಡಿದು, ಬರೀ ಅನುಮಾನದ ಮೇಲೆ ಜನರನ್ನು ಹಿಡಿಯುವ 'ಸಸ್' ಎಂಬ ಪದ್ಧತಿ ಇಲ್ಲಿ 1981ರವರೆಗೂ ಇತ್ತು. ಆ ವರ್ಷದ ಏಪ್ರಿಲಿನಲ್ಲಿ ದಕ್ಷಿಣ ಲಂಡನ್ನಿನ ಬ್ರಿಕ್ಸ್‌ಟನ್ನಿನಲ್ಲಿ 'ಸ್ವಾಂಪ್ 81' ಎಂಬ ಹೆಸರಿನ ಕಾರ್ಯಾಚರಣೆ ನಡೆಸಿ, ಕೆಲವೇ ದಿನಗಳಲ್ಲಿ 900ಕ್ಕೂ ಹೆಚ್ಚು ಜನರನ್ನು ತಡೆದು ಹುಡುಕಿದರು, ಅವರಲ್ಲಿ ಅರ್ಧಕ್ಕೂ ಹೆಚ್ಚು ಜನ ಕರಿಯರು, ಬಹಳಷ್ಟು ಜನ ಯುವಕರು. ಬೀದಿಗಳು ಹೊತ್ತಿ ಉರಿದವು. ವಿಚಾರಣೆ ನಡೆಸಿದ ಲಾರ್ಡ್ ಸ್ಕಾರ್ಮನ್ ವರದಿಯ ಬೆನ್ನಿಗೇ 1984ರ ಪೇಸ್ ಕಾಯ್ದೆ ಬಂತು. ನಿಮ್ಮ ಮಗನಿಗೆ ಕಾರಣ ಕೇಳುವ ಹಕ್ಕು ಬಂದಿರುವುದು ಆ ಹುಡುಗರಿಂದ.

ಕಾಯ್ದೆ ಬಂದ ಮೇಲೂ ಎಲ್ಲ ಸರಿಹೋಗಲಿಲ್ಲ. 2013ರಲ್ಲಿ ಪೊಲೀಸ್ ಪಡೆಗಳ ತಪಾಸಣಾಧಿಕಾರಿಗಳು 8,783 ದಾಖಲೆಗಳನ್ನು ತೆರೆದು ನೋಡಿದಾಗ ಅವುಗಳಲ್ಲಿ ಶೇ. 27ರಲ್ಲಿ ಸಾಕಷ್ಟು ಕಾರಣವೇ ಬರೆದಿರಲಿಲ್ಲ. ಆಗ ಗೃಹ ಸಚಿವೆಯಾಗಿದ್ದ ತೆರೇಸಾ ಮೇ 2014ರಲ್ಲಿ ಒಂದು ಯೋಜನೆ ತಂದರು. ತಪಾಸಣೆಯಿಂದ ಏನಾಯಿತೆಂದು ಲೆಕ್ಕ ಪ್ರಕಟಿಸಬೇಕು, ದೂರು ಹೆಚ್ಚಿದರೆ ಜನರೆದುರು ಉತ್ತರ ಕೊಡಬೇಕು, ಸೆಕ್ಷನ್ 60ನ್ನು ಮಿತವಾಗಿ ಬಳಸಬೇಕು, ಮತ್ತು ಸಾಮಾನ್ಯ ಜನ ಗಸ್ತಿನ ಜೊತೆ ಹೋಗಿ ತಪಾಸಣೆಯನ್ನು ಕಣ್ಣಾರೆ ನೋಡಲು ಅವಕಾಶವಿರಬೇಕು. ಇಂಗ್ಲೆಂಡ್ ಮತ್ತು ವೇಲ್ಸಿನ 43 ಪೊಲೀಸ್ ಪಡೆಗಳೂ ಸಹಿ ಹಾಕಿದವು. ಮಾತು ಉಳಿಸಿಕೊಳ್ಳದ 13 ಪಡೆಗಳನ್ನು 2016ರಲ್ಲಿ ಯೋಜನೆಯಿಂದ ಅಮಾನತು ಮಾಡಿದ್ದೂ ಉಂಟು. ಸೆಕ್ಷನ್ 60ರ ಮೇಲಿನ ಕಡಿವಾಣವನ್ನು ಸರ್ಕಾರ 2019ರಿಂದ ಸಡಿಲಿಸುತ್ತ ಬಂದು 2022ರಲ್ಲಿ ಪೂರ್ತಿ ತೆಗೆಯಿತು. ನನ್ನ ಮಟ್ಟಿಗೆ ಅದು ತಪ್ಪು ಹೆಜ್ಜೆ. ಇವತ್ತಿಗೂ ತಡೆದು ಹುಡುಕಿದವರಲ್ಲಿ ಸುಮಾರು ಹತ್ತಕ್ಕೆ ಏಳು ಜನರ ಮೇಲೆ ಮುಂದೆ ಯಾವ ಕ್ರಮವೂ ಆಗುವುದಿಲ್ಲ, ಕರಿಯರನ್ನು ಬಿಳಿಯರಿಗಿಂತ ಹಲವು ಪಟ್ಟು ಹೆಚ್ಚು ತಡೆಯುತ್ತಾರೆ.

ನಿಮ್ಮ ಧಾರವಾಡದಲ್ಲೂ ಪೊಲೀಸರ ಜೊತೆ ಜನ ಸೇರುವ ವ್ಯವಸ್ಥೆ ಇದೆ. 2017ರಲ್ಲಿ ಕರ್ನಾಟಕದಲ್ಲಿ ಹೊಸ ಬೀಟ್ ಪದ್ಧತಿ ಬಂದಾಗ ಒಂದೊಂದು ಬೀಟಿಗೆ ಒಬ್ಬ ಕಾನ್‌ಸ್ಟೆಬಲ್, ಅವರ ಜೊತೆ ಆ ಓಣಿಯ ನಾಗರಿಕ ಸದಸ್ಯರು ಎಂದಾಯಿತು. ಅಲ್ಲಿ ಓಣಿಯವರು ಓಣಿಯ ಸುದ್ದಿಯನ್ನು ಪೊಲೀಸರಿಗೆ ಮುಟ್ಟಿಸುತ್ತಾರೆ. ಇಲ್ಲಿ ನಿಮ್ಮನ್ನು ಕರೆದಿರುವುದು ಪೊಲೀಸರನ್ನೇ ನೋಡಲು. ಈ ವ್ಯತ್ಯಾಸವನ್ನು ನಿಮ್ಮ ಯಜಮಾನರಿಗೆ ಹೇಳಿ. ಅವರ ಹಿಂಜರಿಕೆ ಊರಿನ ಅನುಭವದಿಂದ ಬಂದಿದ್ದರೆ ಅದಕ್ಕೆ ಅರ್ಥವಿದೆ, ಆದರೆ ಇದು ಬೇರೆ ಕೆಲಸ.

ನಿಯಮಗಳು ಪಡೆಯಿಂದ ಪಡೆಗೆ ಬೇರೆ. ಸಾಮಾನ್ಯವಾಗಿ 18 ತುಂಬಿರಬೇಕು, ಅರ್ಜಿ ತುಂಬಬೇಕು, ನಿಮ್ಮ ಹಿನ್ನೆಲೆ ನೋಡುತ್ತಾರೆ, ಒಂದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುತ್ತಾರೆ. ಆ ಪತ್ರವನ್ನು ಹಿಂದಿನ ದಿನವೇ ತರಿಸಿಕೊಂಡು ಪೂರ್ತಿ ಓದಿ. ಅದರಲ್ಲಿ ಇರುವುದು ಮುಖ್ಯವಾಗಿ ಮೂರು ಸಂಗತಿ: ಗಾಯವಾದರೆ ಹೊಣೆ ಯಾರದು, ಕಂಡದ್ದನ್ನು ಹೊರಗೆ ಆಡಬಾರದು, ಅಧಿಕಾರಿ ಹೇಳಿದಂತೆ ಕೇಳಬೇಕು.

ಕಾರಿನಲ್ಲಿ ಕುಳಿತ ಮೇಲೆ ನಿಮಗೆ ಪೊಲೀಸ್ ಅಧಿಕಾರದ ಚೂರೂ ಬರುವುದಿಲ್ಲ. ಯಾರನ್ನೂ ಮುಟ್ಟಬಾರದು, ಪ್ರಶ್ನಿಸಬಾರದು, ಚೀಲ ಹಿಡಿದುಕೊಂಡು ನೆರವಾಗಲೂ ಹೋಗಬಾರದು. ಪೊಲೀಸರು ಒಂದು ಮನೆಯೊಳಗೆ ಹೋದರೆ ಅವರಿಗಿರುವ ಪ್ರವೇಶದ ಅಧಿಕಾರ ನಿಮ್ಮನ್ನು ಒಳಗೆ ಕರೆದೊಯ್ಯುವುದಿಲ್ಲ. ಮನೆಯವರು ಒಪ್ಪಿದರೆ ಮಾತ್ರ ಹೊಸ್ತಿಲು ದಾಟಿ. ಮತ್ತೆ, ನಿಮ್ಮೆದುರು ಏನಾದರೂ ಗಂಭೀರವಾದದ್ದು ನಡೆದರೆ ನೀವು ಸಾಕ್ಷಿ. ಹೇಳಿಕೆ ಕೊಡಬೇಕಾಗಬಹುದು, ಕೋರ್ಟಿಗೂ ಹೋಗಬೇಕಾಗಬಹುದು. ಅದಕ್ಕೆ ಮನಸ್ಸು ಸಿದ್ಧವಿಲ್ಲದಿದ್ದರೆ ಹೋಗಬೇಡಿ.

ನಿಮಗಿರುವ ಹಕ್ಕುಗಳು ಕಡಿಮೆ, ಆದರೆ ಸಣ್ಣವಲ್ಲ. ಯಾವ ಕ್ಷಣದಲ್ಲಾದರೂ "ನನಗೆ ಸಾಕು, ಇಳಿಸಿ" ಎನ್ನಬಹುದು. ಸುರಕ್ಷಿತವಾದ ಜಾಗದಲ್ಲಿ ಇಳಿಸಬೇಕು. ಅಪಾಯದ ಕರೆ ಬಂದರೆ ನಿಮ್ಮನ್ನು ಹೇಗೆ ಹೊರಗಿಡುತ್ತಾರೆ ಎಂದು ಹೊರಡುವ ಮುನ್ನವೇ ಕೇಳಬಹುದು. ಕಂಡದ್ದನ್ನು ಪಾಳಿ ಮುಗಿದ ಮೇಲೆ ಸಾರ್ಜೆಂಟ್ ಎದುರು ಪ್ರಶ್ನಿಸಬಹುದು. ಅನ್ಯಾಯ ಕಂಡರೆ ದೂರು ಕೊಡಬಹುದು. ದೂರು ಕೊಡಲು ತೊಂದರೆಗೊಳಗಾದವರೇ ಆಗಿರಬೇಕಿಲ್ಲ, ಕಣ್ಣಾರೆ ಕಂಡವರಿಗೂ ಕಾನೂನು ಆ ಹಕ್ಕು ಕೊಟ್ಟಿದೆ. ಗೋಪ್ಯತೆಯ ಸಹಿ ಅದಕ್ಕೆ ಅಡ್ಡಬರುವುದಿಲ್ಲ. ಆದರೆ ಆ ರಾತ್ರಿ ಕಂಡವರ ಕಥೆಯನ್ನು ಕನ್ನಡ ಕೂಟದ ವಾಟ್ಸಾಪ್ ಗುಂಪಿಗೆ ಮಾತ್ರ ಹಾಕಬೇಡಿ. ಅವರೂ ಯಾರದೋ ಮಕ್ಕಳು.

ನಾನೂ ಹೀಗೆ ಗಸ್ತಿಗೆ ಹೋಗಿದ್ದೆ, ಒಂದು ಶುಕ್ರವಾರ ರಾತ್ರಿ. ಎಂಟು ಗಂಟೆಯ ಪಾಳಿಯಲ್ಲಿ ಕಂಡದ್ದು ಹೆಚ್ಚಾಗಿ ಕಾಯುವುದನ್ನೇ. ದಾರಿ ತಪ್ಪಿದ ಮುದುಕರೊಬ್ಬರನ್ನು ಹುಡುಕಿದೆವು. ಅಣ್ಣ ತಮ್ಮಂದಿರ ಜಗಳದ ಮನೆಯ ಹೊರಗೆ ನಾನು ಕಾರಿನಲ್ಲೇ ಕುಳಿತೆ. ಮಾನಸಿಕವಾಗಿ ಕುಸಿದಿದ್ದ ಹೆಂಗಸೊಬ್ಬರ ಜೊತೆ ಆಸ್ಪತ್ರೆಯಲ್ಲಿ ಆ ಇಬ್ಬರು ಪೊಲೀಸರು ಎರಡೂವರೆ ಗಂಟೆ ನಿಂತೇ ಇದ್ದರು, ಒಬ್ಬಳು ತನ್ನ ಜಾಕೆಟ್ ಬಿಚ್ಚಿ ಆಕೆಗೆ ಹೊದಿಸಿದಳು. ಇದನ್ನೂ ನೋಡಿ ಬರಬೇಕು.

ಮಧ್ಯರಾತ್ರಿಯ ನಂತರ ಒಂದು ತಪಾಸಣೆ ನಡೆಯಿತು. ಹುಡುಗನಿಗೆ ಇಪ್ಪತ್ತು ದಾಟಿರಲಿಲ್ಲ. ಅಧಿಕಾರಿಯೂ ಚಿಕ್ಕ ವಯಸ್ಸಿನವನು, ಮಾತು ಸೌಮ್ಯ, ಕೈ ಒರಟಲ್ಲ. ಕಾನೂನು ಗೊತ್ತಿಲ್ಲದಿದ್ದರೆ "ಎಷ್ಟು ಚೆನ್ನಾಗಿ ನಡೆಸಿಕೊಂಡ" ಎಂದು ನಾನು ಮನೆಗೆ ಬರುತ್ತಿದ್ದೆ. ಆದರೆ ಆತ ಹೇಳಿದ ಕಾರಣ ಒಂದೇ: ಗಾಂಜಾ ವಾಸನೆ. ಆ ಒಂದನ್ನೇ ನೆಚ್ಚಿ ಹುಡುಕುವುದು ಒಳ್ಳೆಯ ಪದ್ಧತಿಯಲ್ಲ ಎಂದು ಪೊಲೀಸರಿಗೆ ಅವರದೇ ಮಾರ್ಗದರ್ಶಿ ಹೇಳುತ್ತದೆ. ದಾಖಲೆಯ ಪ್ರತಿಯ ಮಾತಂತೂ ಆತ ಎತ್ತಲೇ ಇಲ್ಲ. ಪುಸ್ತಕದಲ್ಲಿ ಹೊತ್ತು ಬರೆದುಕೊಂಡೆ. ಪಾಳಿ ಮುಗಿದ ಮೇಲೆ, ಎಲ್ಲರೆದುರು ಅಲ್ಲ, ಸಾರ್ಜೆಂಟ್ ಒಬ್ಬರೇ ಇದ್ದಾಗ ಕೇಳಿದೆ. ಅವರು ಕ್ಯಾಮೆರಾದ ದೃಶ್ಯ ತೆಗೆದು ನೋಡಿ, ಹೌದು ಎಂದು ಒಪ್ಪಿ, ಆ ಹುಡುಗನಿಗೆ ಪ್ರತಿ ಕಳಿಸುವ ವ್ಯವಸ್ಥೆ ಮಾಡಿದರು. ಸೌಜನ್ಯವೂ ಕಾನೂನೂ ಎರಡು ಬೇರೆ ಬೇರೆ ಸಂಗತಿ, ಎರಡನ್ನೂ ಬೇರೆ ಬೇರೆಯಾಗಿ ಗುರುತು ಹಾಕಿಕೊಳ್ಳಿ.

ಒಂದು ವಿಚಿತ್ರವನ್ನು ಇಲ್ಲಿ ಹೇಳಲೇಬೇಕು. ಪೊಲೀಸ್ ಕಾರಿನಲ್ಲಿ ಕುಳಿತ ವೀಕ್ಷಕರಿಗಿಂತ ಫುಟ್‌ಪಾತಿನಲ್ಲಿ ನಿಂತ ದಾರಿಹೋಕರಿಗೆ ಹೆಚ್ಚು ಸ್ವಾತಂತ್ರ್ಯವಿದೆ. ಕಾರಿನೊಳಗೆ ನೀವು ಅತಿಥಿ, ಫೋನ್ ಹೊರಗೆ ತೆಗೆಯುವುದಿಲ್ಲವೆಂದು ಸಹಿ ಹಾಕಿರುತ್ತೀರಿ. ಬೀದಿಯಲ್ಲಿ ನೀವು ನಾಗರಿಕರು. ಕೆಲಸಕ್ಕೆ ಅಡ್ಡಿಯಾಗದಷ್ಟು ದೂರ ನಿಂತು ನೋಡಬಹುದು, ವಿಡಿಯೊ ಮಾಡಬಹುದು. ಅದನ್ನು ಅಳಿಸಿ ಎಂದು ಪೊಲೀಸರು ಒತ್ತಾಯಿಸುವಂತಿಲ್ಲ. ಹಾಗಾಗಿ ಗಸ್ತು ಒಂದೇ ದಾರಿ ಎಂದುಕೊಳ್ಳಬೇಡಿ. ಹಲವು ಕಡೆ ಊರವರ ಪರಿಶೀಲನಾ ಸಮಿತಿಗಳಿವೆ, ತಿಂಗಳಿಗೋ ಎರಡು ತಿಂಗಳಿಗೋ ಕುಳಿತು ತಪಾಸಣೆಯ ದಾಖಲೆಗಳನ್ನೂ ಕ್ಯಾಮೆರಾ ದೃಶ್ಯಗಳನ್ನೂ ನೋಡಿ ಅಭಿಪ್ರಾಯ ಬರೆಯುತ್ತವೆ. ಭಾರತೀಯ ಮನೆಗಳ ತಾಯಂದಿರು ಅಲ್ಲಿ ಬಹಳ ಕಡಿಮೆ.

ಇನ್ನೊಂದು ನನಗೆ ಎಲ್ಲಕ್ಕಿಂತ ಹತ್ತಿರದ್ದು: 'ಕಸ್ಟಡಿ ವಿಸಿಟರ್'. ಲಾರ್ಡ್ ಸ್ಕಾರ್ಮನ್ ಅವರೇ ಸೂಚಿಸಿದ್ದ ಈ ಪದ್ಧತಿಗೆ 2002ರ ಕಾಯ್ದೆಯಲ್ಲಿ ಕಾನೂನಿನ ಬಲ ಬಂತು. ಸಂಬಳವಿಲ್ಲದ ಸ್ವಯಂಸೇವಕರು ಇಬ್ಬಿಬ್ಬರಾಗಿ, ಮುಂಚೆ ತಿಳಿಸದೆ, ಹಗಲಿರಲಿ ರಾತ್ರಿಯಿರಲಿ ಠಾಣೆಯ ಲಾಕಪ್ಪಿಗೆ ಹೋಗಿ, ಒಳಗಿರುವವರಿಗೆ ಊಟ ಸಿಕ್ಕಿತೇ, ಔಷಧ ಕೊಟ್ಟರೇ, ವಕೀಲರ ವಿಷಯ ಹೇಳಿದರೇ ಎಂದು ಅವರನ್ನೇ ಕೇಳುತ್ತಾರೆ. ಅಲ್ಲಿ ನೀವು ಅತಿಥಿಯಲ್ಲ. ಬಾಗಿಲು ತೆರೆಯುವುದು ಅವರ ಕರ್ತವ್ಯ. ಒಂದು ರಾತ್ರಿಯ ಗಸ್ತು ನಿಮಗೆ ಹಿಡಿಸಿದರೆ ಮುಂದಿನ ಹೆಜ್ಜೆ ಅದಾಗಲಿ ಎಂಬುದು ನನ್ನ ಆಸೆ.

ಹೋಗುವುದಾದರೆ ಶುಕ್ರವಾರ ಇಲ್ಲವೇ ಶನಿವಾರದ ಸಂಜೆ ಪಾಳಿ ಕೇಳಿ. ಮಂಗಳವಾರ ಬೆಳಗ್ಗೆ ಹೋದರೆ ಒಂದು ತಪಾಸಣೆಯೂ ಕಾಣದೆ ಬರಬಹುದು. ಬೆಚ್ಚನೆಯ ಬಟ್ಟೆ, ಓಡಾಡಲು ಬರುವ ಶೂ, ಬುತ್ತಿ, ಒಂದು ಪುಟ್ಟ ನೋಟ್‌ಬುಕ್. ಅರ್ಜಿಯಲ್ಲಿ "ಯಾಕೆ ಬರಬೇಕೆಂದಿದ್ದೀರಿ" ಎಂದು ಕೇಳಿದರೆ ಮಗನ ಘಟನೆಯನ್ನು ಮುಚ್ಚಿಡಬೇಡಿ, ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ಅಷ್ಟರೊಳಗೆ ದಾಖಲೆ ಕೈಗೆ ಬಂದು ನೀವು ದೂರು ಕೊಡಲು ತೀರ್ಮಾನಿಸಿದ್ದರೆ, ಅದನ್ನೂ ತಿಳಿಸಿ, ಆ ಇಬ್ಬರು ಅಧಿಕಾರಿಗಳಿಲ್ಲದ ಬೇರೆ ತಂಡದ ಜೊತೆ ಕಳಿಸಿ ಎಂದು ಕೇಳಿ. ಮಗನಿಗೆ 18 ತುಂಬಿದ ಮೇಲೆ ಅವನಿಗೂ ಮನಸ್ಸಾದರೆ ಅವನೂ ಹೋಗಿಬರಬಹುದು. ಆದರೆ ಅದನ್ನು ಅವನೇ ಕೇಳಲಿ, ನೀವಾಗಿ ಹೇಳಬೇಡಿ.